ತಾಯಿಡೋಲು ಹೊತ್ತವಳು

ಇಸೇಯಿನ್,
೧೯೮೪ ಮಾರ್ಚ್ ೧೧, ಭಾನುವಾರ

ನನ್ನ ಮುದ್ದಿನ ಅಯನ್‌ತಾಯೊ,

ಚೆನ್ನಾಗಿದ್ದೀಯಾ? ಹೋಟೆಲಿನ ವಾದ್ಯಮೇಳದಲ್ಲಿ ನಿನಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೋ ಇಲ್ಲವೋ ಎಂಬುದೇ ನನ್ನ ಯೋಚನೆ. ಇಬಾದಾನಿನವರ ಗೆಣಸಿನ ಮುದ್ದೆಯಲ್ಲಿ ಗಂಟೇ ಜಾಸ್ತಿ, ನೋಡಿ ತಿನ್ನು. ನಿಮ್ಮಪ್ಪನ ಬಲಗೈಗೆ ಇನ್ನೂ ಜೀವ ಬಂದಿಲ್ಲ. ಬಾಯಿ ಮಾತ್ರ ಮೊದಲಿಗಿಂತ ಜೋರಾಗಿದೆ. ನಾನು ಗಟ್ಟಿಯಾಗಿದ್ದೇನೆ. ಎಷ್ಟು ಗಟ್ಟಿ ಎಂದು ಹೇಳುವುದಕ್ಕೇ ಈ ಕಾಗದ.

ನಮ್ಮ ಡೋಲಿನ ದೈವ ಅಯನ್‌ಗೆ ಹಬ್ಬ ಮಾಡುವ ಹೊತ್ತಿಗೆ ಸರಿಯಾಗಿ ಮೇಳದ ಮುಂದೆ ಮಾತು ನುಡಿಸುವ ಹಳೆಯ ತಾಯಿಡೋಲಿನ ಒಡಲು ಸೀಳಿತು. ಹಬ್ಬದ ದಿನ ತಾಯಿಡೋಲು ಹೆಸರು ಹಿಡಿದು ಕರೆಯದಿದ್ದರೆ ತೀರಿಕೊಂಡ ಹಿರಿಯರು ನಮ್ಮ ಅಂಗಳ ತುಳಿಯುವುದಿಲ್ಲ, ನಿನಗೆ ಗೊತ್ತಲ್ಲ. ನಿನ್ನ ಚಿಕ್ಕಪ್ಪ ಲಾಮಿದಿ ದಟ್ಟ ಕಾಡಿನಿಂದ ಒಂದು ದಿಮ್ಮಿ ಹೊರಿಸಿ ತಂದ. ನಿಮ್ಮಪ್ಪ ಅದನ್ನು ಮುಟ್ಟಲೇ ಇಲ್ಲ. "ಮನುಷ್ಯರ ಮಾತೇ ಕೇಳದ ಮರ ಕಣೋ ಇದು! ನಾಳೆ ಏನಂತ ಮಾತಾಡತ್ತೆ, ಕೋತಿ ಭಾಷೇನಾ?" ಎಂದು ಬೈದರು. ಕೊನೆಗೆ ಸಂತೆ ದಾರಿಯ ಮರದ ಬುಡಕ್ಕೆ ದೈವಕ್ಕೊಪ್ಪಿಸುವ ಕೋಲಾ ಕಾಯಿ ಒಡೆದಿಟ್ಟು, ಅಪ್ಪಣೆ ಕೇಳಿ ಕಡಿಸಿದೆವು. ಮೆಣಸಿನಕಾಯಿ ಮಾರುವವರ ಜಗಳವನ್ನೆಲ್ಲ ಕೇಳಿಕೊಂಡೇ ಬೆಳೆದ ಮರ ಅದು. ಒಳಗು ಕೊರೆದವಳು ನಾನು. ಎಡಗೈಯಲ್ಲಿ ತಟ್ಟಿ ತಟ್ಟಿ, ಎಲ್ಲಿ ಇನ್ನೂ ದಪ್ಪವಿದೆ ಎಂದು ತೋರಿಸಿದವರು ನಿಮ್ಮಪ್ಪ.

ಡೋಲೇನೋ ಆಯಿತು, ಹೊರುವವರು ಯಾರು? ನೀನು ರಜೆ ಸಿಗದೆಂದು ಬರೆದುಬಿಟ್ಟೆ. ಲಾಮಿದಿಗೆ ಹಿಂದೆ ನಿಂತು ಪುಟ್ಟ ಗುಡುಗುಡು ಡೋಲು ಬಾರಿಸುವುದು ಬಿಟ್ಟರೆ ಬೇರೆ ಬಾರದು. ಓಯೊದಿಂದ ಯಾರನ್ನಾದರೂ ಕರೆಸೋಣ ಎಂದ. ನಮ್ಮ ಹಿರಿಯರನ್ನು ಕರೆಯಲು ಬೇರೆ ಮನೆಯವನೇ? ನನಗೆ ಮೈಯೆಲ್ಲ ಉರಿಯಿತು. ನಾನೇ ಹೊರುತ್ತೇನೆ ಎಂದೆ.

"ಅತ್ತಿಗೆ, ಹೆಂಗಸು ತಾಯಿಡೋಲು ಹೊತ್ರೆ ಊರೇ ನಗತ್ತೆ."

"ನಗ್ಲಿ ಬಿಡಪ್ಪ. ನನ್ನ ತೌರೂ ಅಯನ್ ಮನೇನೇ, ಡೋಲಿನೋರ ಮನೇಲೇ ಹುಟ್ಟಿದೋಳು. ಸೌಟು ಹಿಡ್ಕೊಂಡು ಹುಟ್ಟಿಲ್ಲ!"

ಸೊಸೆಯಾಗಿ ಬಂದಾಗಿನಿಂದ ಈ ಮನೆಯ ಬಿರುದುಗಳನ್ನು ಬಾಯಲ್ಲಿ ಹಾಡಿದವಳು ನಾನಲ್ಲವೇ? ಹಬ್ಬದ ಬೆಳಿಗ್ಗೆ ಡೋಲನ್ನು ಎಡಹೆಗಲಿಗೆ ತೂಗುಹಾಕಿಕೊಂಡು ಅಂಗಳಕ್ಕಿಳಿದೆ. ಮೊದಲ ಪೆಟ್ಟಿಗೆ ಅದು ಮೊಂಡು ಹಿಡಿಯಿತು. ಲಾಮಿದಿ ಬೇಕೆಂದೇ ಕೆಮ್ಮಿದ. ಕಂಕುಳಲ್ಲಿ ಡೋಲಿನ ಹುರಿಗಳನ್ನು ಅದುಮಿ, ದನಿ ಏರಿಸಿ ಇನ್ನೊಂದು ಕೊಟ್ಟೆ. ಮಾತಾಡಿತು ಮಗನೇ! ನಿನ್ನ ಮುತ್ತಜ್ಜನ ಹೆಸರು, ಅವರ ಬಿರುದು, ರಾಜರೆದುರೂ ಅವರು ತಲೆ ತಗ್ಗಿಸದೆ ಬಾರಿಸಿದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿತು. ಮುದುಕಿಯರು ಹೌದು ಹೌದೆನ್ನುತ್ತ ಮಂಡಿಯೂರಿದರು. ತೋಳು ನನ್ನದೆಂದು ಅನ್ನಿಸಲೇ ಇಲ್ಲ. "ಬಂದ್ರು ಕಣೇ, ಎಲ್ರೂ ಬಂದ್ರು," ಎಂದು ನಿಮ್ಮಪ್ಪ ಮಗುವಿನ ಹಾಗೆ ಅತ್ತರು. ಲಾಮಿದಿ ಓಡಿಹೋಗಿ ಗುಡುಗುಡು ಕೊರಳಿಗೆ ಹಾಕಿಕೊಂಡು ನನ್ನ ಹಿಂದೆ ಬಂದು ನಿಂತ. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಪಟ್ಟಿರಲಿಲ್ಲ.

ಅಯನ್ ನಿನ್ನ ಮಣಿಕಟ್ಟಿಗೆ ಬಲ ಕೊಡಲಿ, ಹೋದ ಕಡೆಯೆಲ್ಲ ನಿನಗೆ ದಾರಿ ಬಿಡಿಸಲಿ. ನಿಮ್ಮಪ್ಪ ಆಶೀರ್ವಾದ ಹೇಳಿದ್ದಾರೆ.

ನಿನ್ನ ಅಮ್ಮ,
ಅಯನ್‌ರೋಂಕೆ

ಮರೆತಿದ್ದೆ: ಹೋಟೆಲಿನಲ್ಲಿ ಬಾರಿಸಲು ಹೊಸ ತಾಯಿಡೋಲನ್ನು ಲಾರಿಯವನ ಕೈಲಿ ಕಳಿಸೆಂದು ಬರೆದಿದ್ದೆಯಲ್ಲ, ಅವನು ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದಾನೆ. ಕಾಗದವನ್ನಷ್ಟೇ ಕೊಡುತ್ತಿದ್ದೇನೆ. ಡೋಲು ನನ್ನದು. ನಿನಗೆ ಬೇಕಿದ್ದರೆ ಬಂದು ಒಂದನ್ನು ಕೊರೆದುಕೋ. ಉಳಿ ಹಿಡಿಯುವುದನ್ನು ನಾನೇ ಹೇಳಿಕೊಡುತ್ತೇನೆ.