ಹದಿನಾಲ್ಕನೇ ಪ್ಯಾರಾ

ಕೋಡಿಗೆಹಳ್ಳಿ
ಕಾರ್ತಿಕ ಸೋಮವಾರ

ಮೊಮ್ಮಗಳು ಇಂದುಗೆ,

ಯಾವ ಮಾತು ಬರೆದರೂ ಅದನ್ನು ಹೇಳಿದವರು ಯಾರು, ಹೇಳುವುದಕ್ಕೆ ಅವರಿಗೇನು ಅಧಿಕಾರ ಎಂದು ತಿಳಿಸಬೇಕಂತೆ. ನಿಮ್ಮ ಲಾ ಕಾಲೇಜಿನಲ್ಲಿ ಮೊದಲು ಕಲಿಸುವುದೇ ಅದು ಎಂದು ನೀನು ಹೇಳಿದ್ದೆ. ಹಾಗಾದರೆ ಕೇಳು. ನಾನು ಮುನಿಗಂಗಮ್ಮ. ಕೋಡಿಗೆಹಳ್ಳಿಯ ಮುನಿವೆಂಕಟಯ್ಯನವರ ಸೊಸೆ, ವೆಂಕಟರಾಮಯ್ಯನವರ ಹೆಂಡತಿ, ನಿನ್ನಪ್ಪ ಬಾಲರಾಜುವನ್ನು ಹೆತ್ತವಳು. ಯಲಹಂಕದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಈ ಮನೆಗೆ ಸೊಸೆಯಾಗಿ ಬಂದೆ. ಮೂವತ್ತೆಂಟನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡೆ. ಅಂದಿನಿಂದ ಈ ಮನೆಯಲ್ಲಿ ನನ್ನ ಮಾತಿಗೆ ಎದುರಾಡಿದವರಿಲ್ಲ, ನಿನ್ನೊಬ್ಬಳನ್ನು ಬಿಟ್ಟು.

ನೀನು ಕೂಡ ಎದುರಾಡಲಿಲ್ಲ ಬಿಡು. ಒಂದು ಪ್ರಶ್ನೆ ಕೇಳಿದೆ. ನಾನು ಕೂಗಾಡಿದೆ. ಹಬ್ಬದ ಮಾರನೇ ದಿನವೇ ನೀನು ಬ್ಯಾಗು ಹೊತ್ತು ಯಶವಂತಪುರದಲ್ಲಿ ಧಾರವಾಡದ ರೈಲು ಹತ್ತಿದೆ. ಇವತ್ತಿಗೆ ಒಂದು ತಿಂಗಳಾಯಿತು, ಫೋನು ಮಾಡಿಲ್ಲ. ನಾನೂ ಮಾಡಿಲ್ಲ. ಫೋನಿನಲ್ಲಿ ಹೇಳುವ ವಿಷಯವೂ ಅಲ್ಲ ಇದು.

ಆಯುಧಪೂಜೆಯ ದಿನ ಕಾರು, ಬೈಕು, ನಿನ್ನಪ್ಪನ ಆಫೀಸಿನ ಕಂಪ್ಯೂಟರು, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಇಟ್ಟಾದ ಮೇಲೆ ಬೀರುವಿನಿಂದ ಹೈಕೋರ್ಟಿನ ತೀರ್ಪು ತೆಗೆದು ಅದಕ್ಕೂ ಇಟ್ಟೆ. ಇಪ್ಪತ್ತು ವರ್ಷದಿಂದ ಇಡುತ್ತಾ ಬಂದಿದ್ದೇನೆ. ಅದು ಇಂಗ್ಲಿಷಿನಲ್ಲಿದೆ, ನಾನು ಅದನ್ನು ಓದಿಯೇ ಇರಲಿಲ್ಲ. ಅವತ್ತು ಲಾಯರು, "ಗೆದ್ರಿ ಅಮ್ಮ, ಸತ್ಯ ಗೆಲ್ತು" ಅಂದರು. ಅಷ್ಟು ಸಾಕಾಗಿತ್ತು ನನಗೆ. ನನ್ನ ನಾದಿನಿ ಸುಬ್ಬಮ್ಮ, ಅಂದರೆ ನಿನ್ನ ತಾತನ ತಂಗಿ, ನಮ್ಮ ಬಾವಿ ಮಗ್ಗುಲ ಎಂಟು ಗುಂಟೆ ತನ್ನದು ಅಂತ ಕೋರ್ಟಿಗೆ ಹೋಗಿದ್ದಳು, ಸೋತಳು. ಸತ್ಯ ನನ್ನ ಕಡೆ ಇತ್ತು, ಅದಕ್ಕೇ ಗೆದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದೆ.

ನೀನು ಆ ಕುಂಕುಮ ಕಂಡು ನಕ್ಕೆ. ಆಮೇಲೆ ನಿನ್ನ ಲ್ಯಾಪ್‌ಟಾಪಿನಲ್ಲಿ ನನ್ನ ಹೆಸರು ಹೊಡೆದು ನೋಡಿದೆ. ಒಂದು ತೀರ್ಪನ್ನು ಆರಿಸಿಕೊಂಡು, ಅದನ್ನು ಮುಂದೆ ಯಾವ ಯಾವ ತೀರ್ಪಿನಲ್ಲಿ ಎತ್ತಿ ಹೇಳಿದ್ದಾರೆ ಅಂತ ಹುಡುಕಿ ಬರೆಯಬೇಕು, ರಜೆ ಮುಗಿಯುವುದರೊಳಗೆ ಕೊಡಬೇಕು ಅನ್ನುತ್ತಿದ್ದೆಯಲ್ಲ, ಆ ಕೆಲಸಕ್ಕೆ. "ಅಜ್ಜಿ, ನಿನ್ನ ಕೇಸು ಪುಸ್ತಕದಲ್ಲೈತೆ, ಬಾ ಇಲ್ಲಿ" ಎಂದು ಕರೆದೆ. ನಾನು ಕನ್ನಡಕ ಹಾಕಿಕೊಂಡು ಬಂದೆ. ಸುಬ್ಬಮ್ಮ ವಿರುದ್ಧ ಮುನಿಗಂಗಮ್ಮ ಎಂದಿತ್ತು. ಗೆದ್ದವಳು ನಾನು, ಅವಳ ಹೆಸರು ಯಾಕೆ ಮೊದಲು ಎಂದು ಕೇಳಿದೆ. ಅಪೀಲು ಹಾಕಿ ಕೇಳಲು ಹೋದವರ ಹೆಸರು ಮೊದಲು ಬರುತ್ತದೆ, ಗೆದ್ದವರದ್ದಲ್ಲ ಎಂದು ನೀನು ಹೇಳಿದೆ. ಅದು ನನಗೆ ಸರಿ ಅನ್ನಿಸಲಿಲ್ಲ. ಈಗಲೂ ಪೂರ್ತಿ ಸರಿ ಅನ್ನಿಸಿಲ್ಲ.

ಹೆಸರು, ವರ್ಷ, ಸಂಪುಟ, ಪುಟ, ಪ್ಯಾರಾ. ಈ ಐದರಲ್ಲಿ ಒಂದು ತಪ್ಪಿದರೂ ಮೇಷ್ಟ್ರು ಮಾರ್ಕು ಕಳೆಯುತ್ತಾರೆ ಅಂತ ನನ್ನ ಕೈಯಲ್ಲೇ ಎರಡು ಸಲ ಬರೆಸಿದೆ. ಹನ್ನೊಂದು ಕೇಸಿನಲ್ಲಿ ನಮ್ಮ ಕೇಸನ್ನು ಎತ್ತಿ ಹೇಳಿದ್ದಾರೆ ಎಂದೆ. ರಾಯಚೂರಿನ ಕಡೆಯ ಯಾರೋ ಅಣ್ಣತಮ್ಮಂದಿರು, ಕುಂದಾಪುರದ ಕಡೆಯ ಒಬ್ಬಳು ವಿಧವೆ. ನಾನು ಕಂಡಿಲ್ಲದವರ ಜಗಳದಲ್ಲಿ ನನ್ನ ಹೆಸರು ಏನು ಮಾಡುತ್ತಿದೆ? ಹೆಮ್ಮೆಪಡಬೇಕೋ ಮುಜುಗರಪಡಬೇಕೋ ತಿಳಿಯಲಿಲ್ಲ. ಸತ್ಯಕ್ಕೆ ಸಾಕ್ಷಿಯಾಗಿ ನನ್ನನ್ನು ಕರೆಯುತ್ತಿದ್ದಾರೆ ಎಂದುಕೊಂಡು, ಸದ್ಯಕ್ಕೆ ಹೆಮ್ಮೆಯೇ ಪಟ್ಟೆ.

ಆಮೇಲೆ ನೀನು ತೀರ್ಪನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾನು ಗೆದ್ದದ್ದು ಸುಬ್ಬಮ್ಮ ತಡವಾಗಿ ಬಂದಳು ಎಂದು. ಖಾತೆ ನನ್ನ ಹೆಸರಿಗೆ ಆದ ದಿನದಿಂದ ಎಣಿಸಿದರೆ ಏಳು ವರ್ಷ ಆಗಿತ್ತಂತೆ, ಕಾನೂನು ಕೊಡುವುದು ಮೂರೇ ವರ್ಷವಂತೆ. ಹನ್ನೊಂದು ಕೇಸಿನವರು ನನ್ನ ಹೆಸರು ಹೇಳುತ್ತಿರುವುದೂ ಅದಕ್ಕೇ, ಹೊತ್ತು ಮೀರಿ ಬಂದವರನ್ನು ಬಾಗಿಲಿಂದ ಕಳಿಸುವುದಕ್ಕೆ. ಹದಿನಾಲ್ಕನೇ ಪ್ಯಾರಾ ಬಂದಾಗ ನಿನ್ನ ದನಿ ಇಳಿಯಿತು. ತಂದೆ ಆ ಜಮೀನನ್ನು ಮಗಳ ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದರು ಎನ್ನುವ ಮಾತು ಸುಳ್ಳೆಂದು ಕಾಣುವುದಿಲ್ಲ, ಆದರೆ ನೋಂದಾಯಿಸಿದ ಪತ್ರವಿಲ್ಲ, ಹೊತ್ತೂ ಮೀರಿದೆ ಎಂದು ಜಡ್ಜು ಬರೆದಿದ್ದರು.

ಇಪ್ಪತ್ತು ವರ್ಷ ಆ ಸಾಲಿನ ಮೇಲೆ ಕುಂಕುಮ ಇಟ್ಟಿದ್ದೇನೆ ಕಣೇ ಇಂದು.

ನನ್ನ ಮುಖ ನೋಡಿ ನೀನು ಸಮಾಧಾನ ಹೇಳಲು ಬಂದೆ. "ಅಜ್ಜಿ, ಇದು ತೀರ್ಪಲ್ಲ. ಹೋಗ್ತಾ ಹೋಗ್ತಾ ಜಡ್ಜು ಹೇಳಿದ ಮಾತು ಅಷ್ಟೆ. ಇದಕ್ಕೆ ತೂಕ ಇಲ್ಲ, ಇದನ್ನ ಯಾರೂ ಎತ್ತಿ ಹೇಳಲ್ಲ" ಎಂದೆ. ತೀರ್ಮಾನ ಮಾಡಿದ ಮಾತು ಯಾವುದು, ಹೋಗ್ತಾ ಹೇಳಿದ ಮಾತು ಯಾವುದು ಎಂದು ಬೇರೆ ಮಾಡುವುದೇ ನಿಮಗೆ ಕಲಿಸುವ ದೊಡ್ಡ ವಿದ್ಯೆಯಂತೆ. ಅಕ್ಕಿ ಆರಿಸಿದ ಹಾಗೆ ಎಂದು ನಗಿಸಲು ನೋಡಿದೆ. ನನಗೆ ಅಕ್ಕಿ ಯಾವುದು ಕಲ್ಲು ಯಾವುದು ಎಂದೇ ತಿಳಿಯಲಿಲ್ಲ. ನಿಜವಾದ ಮಾತಿಗೆ ತೂಕವಿಲ್ಲ, ತಡವಾದ ಮಾತಿಗೆ ಹನ್ನೊಂದು ಕೇಸಿನ ತೂಕ. ಇದು ಎಂಥ ತಕ್ಕಡಿ?

ಆಗ ನೀನು ಆ ಪ್ರಶ್ನೆ ಕೇಳಿದೆ. "ಅಲ್ಲ ಅಜ್ಜಿ, ಅವರು ಏಳು ವರ್ಷ ಯಾಕೆ ಸುಮ್ನಿದ್ರು?"

ಮನೆಯವರ ಮೇಲೆ ಕೇಸು ಹಾಕೋಕೆ ನಿನ್ನನ್ನ ಓದಿಸ್ತಿದೀನಾ ಎಂದು ಕೂಗಿದೆ. ನಿನ್ನಮ್ಮ ರಾಧಾಮಣಿ ಅಡುಗೆಮನೆಯಿಂದ ಓಡಿಬಂದಳು. ನೀನು ಲ್ಯಾಪ್‌ಟಾಪು ಮುಚ್ಚಿದೆ. ಈಗ ಉತ್ತರ ಬರೆಯುತ್ತೇನೆ, ಯಾವ ಪುಸ್ತಕದಲ್ಲೂ ನಿನಗೆ ಸಿಗುವುದಿಲ್ಲ. ಅದಕ್ಕೆ ಪುಟವಿಲ್ಲ, ಪ್ಯಾರಾ ಇಲ್ಲ.

ಸುಬ್ಬಮ್ಮ ಸುಮ್ಮನಿರಲಿಲ್ಲ. ಪ್ರತಿ ಯುಗಾದಿಗೆ ಬಂದು ಕೇಳುತ್ತಿದ್ದಳು. "ಅತ್ತಿಗೆ, ನಮ್ಮಪ್ಪ ಆ ಮಾತು ಹೇಳಿದ್ದು ನಿಮ್ಮ ಮುಂದೇನೇ ಅಲ್ವಾ?" ನನ್ನ ಮುಂದೆಯೇ. ಮಾವನವರು ಬಾವಿಕಟ್ಟೆಯ ಮೇಲೆ ಕೂತು, ಇದು ನನ್ನ ಮಗಳ ಅರಿಶಿನ ಕುಂಕುಮಕ್ಕೆ ಎಂದಾಗ ಅವರ ಕೈಗೆ ನೀರಿನ ಚೊಂಬು ಕೊಟ್ಟವಳು ನಾನು. ನಾನು ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಬಾಲರಾಜು ಓದು ಮುಗೀಲಿ, ಮುಂದಿನ ಯುಗಾದಿಗೆ ನೋಡೋಣ ಎನ್ನುತ್ತಿದ್ದೆ. ಒಬ್ಬಟ್ಟು ಕಟ್ಟಿ ಕಳಿಸುತ್ತಿದ್ದೆ. ಅವಳು ನನ್ನನ್ನು ನಂಬಿ ಹಾಗೆ ಏಳು ಯುಗಾದಿ ಕಳೆದಳು. ಅವಳ ಹೊತ್ತು ಮೀರಿಸಿದವಳು ನಾನು. ಬೇಕೆಂದು ಮಾಡಿದೆನೇ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಗಂಡನಿಲ್ಲದ ಮನೆಯಲ್ಲಿ ಒಂದು ಗುಂಟೆ ಬಿಟ್ಟರೆ ಎಲ್ಲವನ್ನೂ ಬಿಡಬೇಕಾಗುತ್ತದೆ ಎಂಬ ಭಯವಿತ್ತು. ಕೋರ್ಟಿನಲ್ಲಿ ನನ್ನನ್ನು ಆ ಚೊಂಬಿನ ವಿಷಯ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹೋದ ವಾರ ಆಟೋ ಹಿಡಿದು ಟಿ. ದಾಸರಹಳ್ಳಿಗೆ ಹೋದೆ. ಸುಬ್ಬಮ್ಮ ಎರಡನೇ ಮಹಡಿಯಲ್ಲಿದ್ದಾಳೆ. ಮಂಡಿನೋವಿನಲ್ಲಿ ಮೆಟ್ಟಿಲು ಹತ್ತುವಾಗ ಕೇಳಲು ಹೋದವರ ಹೆಸರು ಮೊದಲು ಎಂಬ ನಿನ್ನ ಮಾತು ನೆನಪಾಯಿತು. ಬಾಗಿಲು ತೆಗೆದವಳು ಒಳಗೆ ಬರಲು ದಾರಿ ಬಿಟ್ಟಳು. "ಕಾಫಿ ಕುಡೀತೀರಾ ಅತ್ತಿಗೆ, ಇಲ್ಲಾ ಅದಕ್ಕೂ ಹೊತ್ತು ಮೀರೈತಾ?" ಎಂದಳು. ಕುಡಿದೆ. ಸಕ್ಕರೆ ಹಾಕಿರಲಿಲ್ಲ, ಮರೆತಳೋ ಬೇಕೆಂದೇ ಬಿಟ್ಟಳೋ ತಿಳಿಯಲಿಲ್ಲ, ಕೇಳಲೂ ಇಲ್ಲ.

ನಿನ್ನಪ್ಪ ಆ ಜಾಗಕ್ಕೆ ಅಪಾರ್ಟ್‌ಮೆಂಟಿನ ನಕ್ಷೆ ಹಾಕಿಸಿದ್ದ. ಆ ಎಂಟು ಗುಂಟೆಯನ್ನು ಸುಬ್ಬಮ್ಮನ ಹೆಸರಿಗೆ ಬರೆದುಕೊಡುತ್ತೇನೆ ಎಂದೆ. ಗೆದ್ದಿದ್ದನ್ನ ಯಾರಾದರೂ ವಾಪಸ್ ಕೊಡ್ತಾರಾ ಎಂದು ರೇಗಿ ಮೂರು ದಿನ ಮಾತು ಬಿಟ್ಟ. ನಾಲ್ಕನೇ ದಿನ ಅವನೇ ಕಾರು ತೆಗೆದು ನೋಂದಣಿ ಆಫೀಸಿಗೆ ಕರೆದುಕೊಂಡು ಹೋದ. ಯಾಕೆ ಮನಸ್ಸು ಬದಲಾಯಿಸಿದ ಎಂದು ಅವನೂ ಹೇಳಲಿಲ್ಲ.

ಪತ್ರ ಬರೆಯುವ ವೀರಬಸಪ್ಪ ಎಂದಿನಂತೆ "ಪ್ರೀತಿ ವಿಶ್ವಾಸದಿಂದ ಕೊಡುತ್ತಿದ್ದೇನೆ" ಎಂದು ಟೈಪು ಮಾಡಿದ್ದ. ಅದು ಸುಳ್ಳು, ಹೊಡೆದು ಹಾಕು ಎಂದೆ. ಮಾವನವರು ನನ್ನ ಮುಂದೆ ಕೊಟ್ಟಿದ್ದನ್ನು ಪತ್ರ ಮಾಡಿಸುತ್ತಿದ್ದೇನೆ ಎಂದು ಬರೆಸಿದೆ. ಅದರ ಕೆಳಗೆ ತೀರ್ಪಿನ ಹೆಸರು, ವರ್ಷ, ಸಂಪುಟ, ಪುಟ, ಪ್ಯಾರಾ ಹದಿನಾಲ್ಕು. "ದಾನಪತ್ರದಲ್ಲಿ ಇಂಗೆಲ್ಲ ಯಾರೂ ಬರೆಸಲ್ಲ ಅಮ್ಮ" ಎಂದ. ನಮ್ಮ ಮೊಮ್ಮಗಳು ಹೀಗೇ ಕಲಿಸಿದ್ದಾಳೆ, ಒಂದು ಅಂಕಿ ತಪ್ಪಿದರೂ ಮಾರ್ಕು ಹೋಗುತ್ತದೆ, ಬರಿ ಎಂದೆ.

ಮೊನ್ನೆ ಶುಕ್ರವಾರ ನೋಂದಣಿಯಾಯಿತು. ಮಾಡಿದ್ದು ನ್ಯಾಯವೋ, ಬರೀ ಮುದುಕಿಯ ಹಟವೋ ನನಗಿನ್ನೂ ಗೊಂದಲವೇ. ಯಾರೂ ಎತ್ತಿ ಹೇಳುವುದಿಲ್ಲ ಎಂದಿದ್ದ ಮಾತನ್ನು ನಿನ್ನಜ್ಜಿ ಎತ್ತಿ ಹೇಳಿದ್ದಾಳೆ. ನಕಲು ಇದರ ಜೊತೆಗಿಟ್ಟಿದ್ದೇನೆ. ಅಂಕಿಗಳು ಸರಿಯಾಗಿವೆಯೇ ನೋಡಿ ಫೋನು ಮಾಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಕಲಿತ ವಿದ್ಯೆ ನಿನ್ನನ್ನು ಎಂದೂ ನನ್ನಂತೆ ಸುಮ್ಮನಿರಲು ಬಿಡದಿರಲಿ.

ನಿನ್ನ ಅಜ್ಜಿ
ಮುನಿಗಂಗಮ್ಮ