ಒಂಬತ್ತು ಹೆಸರುಗಳಾದ ಮೇಲೆ

ಹೆರಾನ್ಸ್ ಬೇಸ್‌ಬಾಲ್ ಕ್ರೀಡಾಂಗಣ, ನೆಲಮಾಳಿಗೆ
ಗುರುವಾರ, ಸೆಪ್ಟೆಂಬರ್ 17, 2009

ಮುದ್ದಿನ ಅಮ್ಮನಿಗೆ,

ಒಂದೇ ಊರಿನಲ್ಲಿದ್ದುಕೊಂಡು ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ನೀನು ಗೊಣಗುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಏನು ಮಾಡಲಿ ಹೇಳು. ಎದುರಿಗೆ ಬಂದರೆ ನೀನು ಮೊದಲು ತಟ್ಟೆ ಇಡುತ್ತೀಯ. ನೀನು ಆಲೂಗೆಡ್ಡೆ ತುಂಬಿ ಬೇಯಿಸಿದ ಪಿರೋಹಿ ಬಾಯಲ್ಲಿಟ್ಟುಕೊಂಡು ಈ ಮಾತು ಹೇಳುವುದು ನನ್ನಿಂದಾಗದು. ಹೋದ ಭಾನುವಾರ ಹೇಳಲೇಬೇಕೆಂದು ಬಂದಿದ್ದೆ. ತಿಂದು, ಪಾತ್ರೆ ಒರೆಸಿಟ್ಟು, ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಹೊರಟುಬಂದೆ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಇನ್ನರ್ಧವನ್ನು ನಿನಗೆ ಬೇಕಾದ ಹಾಗೆ ಹೊಲಿದುಕೊಳ್ಳುತ್ತೀಯ.

ಈ ಭಾನುವಾರ ನೀನು ಮೈದಾನದ ನಡುವೆ ಮೈಕಿನ ಮುಂದೆ ನಿಲ್ಲುವವಳು. ಅದಕ್ಕೆ ಮೊದಲು ಇದು ನಿನ್ನ ಕೈ ಸೇರಬೇಕು. ಅಂಚೆಯನ್ನು ನಂಬುವುದಿಲ್ಲ. ನಾಳೆ ಬೆಳಗ್ಗೆ ನೀನು ಚರ್ಚಿಗೆ ಹೋಗಿರುವಾಗ ನಾನೇ ಬಂದು ನಿನ್ನ ಅಂಚೆ ಡಬ್ಬಿಗೆ ಹಾಕಿ ಹೋಗುತ್ತೇನೆ. ಒಲೆಯ ಮೇಲೆ ಏನಾದರೂ ಇದ್ದರೆ ಆರಿಸಿ, ಕೂತುಕೊಂಡು ಓದು.

ಟೈಪ್ ಮಾಡಿಕೊಡು ಎಂದು ನೀನು ಕೊಟ್ಟ ಭಾಷಣ ನನ್ನ ಮುಂದಿದೆ. ಹೆರಾನ್ಸ್‌ಗೆ ನೂರು ವರ್ಷ ತುಂಬಿತೆಂದು ಕ್ಲಬ್ಬಿನವರು ಅಭಿಮಾನಿಗಳನ್ನು ಕೇಳಿದರಲ್ಲ, ಈ ನೂರು ವರ್ಷದಲ್ಲಿ ಆಡಿದವರಲ್ಲಿ ನಿಮ್ಮ ಒಂಬತ್ತು ಮಂದಿ ಯಾರು, ಯಾರ ಹಿಂದೆ ಯಾರು ಬ್ಯಾಟು ಹಿಡಿಯಬೇಕು ಎಂದು. ಊರಿಗೆ ಊರೇ ಬರೆದು ಕಳಿಸಿತು. ಭಾನುವಾರ ಮೈದಾನದಲ್ಲಿ ಓದಲು ನಿನ್ನದನ್ನೇ ಆರಿಸಿದ್ದು ಯಾಕೆಂದು ನನಗೆ ಗೊತ್ತು. ಉಳಿದವರೆಲ್ಲ ಸರಾಸರಿ, ಹೋಮ್ ರನ್ ಎಂದು ಅಂಕಿ ತುಂಬಿದ್ದರು. ನೀನು ಮಾತ್ರ ಒಬ್ಬೊಬ್ಬನಿಗೆ ಒಂದೊಂದು ಸಾಲು ಬರೆದಿದ್ದೆ. ಮೊದಲು ಬಡ್ ಮೆಲ್ಲಿಂಗರ್, ಯಾಕೆಂದರೆ ಅವನು ಔಟಾದರೂ ಓಡಿಕೊಂಡೇ ವಾಪಸ್ಸಾಗುತ್ತಿದ್ದ. ಎರಡನೆಯವನು ಅಪ್ಪನ ಮೆಚ್ಚಿನ ಡಟ್ಕೊ, ಯಾಕೆಂದರೆ "ಅವನಿಲ್ಲದಿದ್ದರೆ ನನ್ನ ಗಂಡ ಸಮಾಧಿಯಿಂದ ಎದ್ದು ಬರುತ್ತಾನೆ." ನಾಲ್ಕನೆಯವನು ಎಲಿಸೆಯೊ ಬ್ರಿತೊ, ಯಾಕೆಂದರೆ ಎಂಟು ಮಂದಿ ಒಂದೇ ಕಡೆ ನೋಡುತ್ತ ನಿಂತಿರುವಾಗ ಬ್ಯಾಟಿನವನ ಹಿಂದಿನ ಕ್ಯಾಚರ್ ಒಬ್ಬನೇ ಅವರೆಲ್ಲರ ಮುಖ ನೋಡುತ್ತ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ಇದನ್ನು ಆಫೀಸಿನ ಒರಟು ಗಂಡಸರೂ ಎರಡೆರಡು ಸಲ ಓದಿದರು. ನಿನ್ನ ಮಗಳೆಂದು ನನಗೆ ಜಂಬ ಬಂದದ್ದು ಸುಳ್ಳಲ್ಲ.

ಒಂಬತ್ತು ಹೆಸರಾದ ಮೇಲೆ ನೀನು ಇನ್ನೂ ನಾಲ್ಕು ಸಾಲು ಸೇರಿಸಿದ್ದೀಯ. "ನನ್ನ ಎಲಿಸೆಯೊನನ್ನು ಆಗಸ್ಟಿನಲ್ಲಿ ತಂಡದಿಂದ ತೆಗೆದು ಮನೆಗೆ ಕಳಿಸಿದವರು ಯಾರೋ ನನಗೆ ಗೊತ್ತಿಲ್ಲ. ಬಿಸಿಲಿಗೆ ಬರದೆ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದ ಯಾರೋ. ಅವರು ಇಲ್ಲಿದ್ದರೆ ಎದ್ದು ನಿಲ್ಲಲಿ. ಅವರ ಮುಖ ನಾನು ನೋಡಬೇಕು." ಕಾಗುಣಿತ ತಿದ್ದು ಎಂದಿದ್ದೆ. ತಿದ್ದುವಂಥದ್ದು ಏನೂ ಇರಲಿಲ್ಲ ಅಮ್ಮ. ಆ ಕೋಣೆ ಇದೇ. ಆ ಲೆಕ್ಕ ಹಾಕಿದವಳು ನಾನೇ.

ಈಗ ಕನ್ನಡಕ ತೆಗೆದು ಒರೆಸಿಕೊಂಡಿರುತ್ತೀಯ. ಹಾಕಿಕೊಂಡು ಮುಂದೆ ಓದು.

ನಾನು ಟಿಕೆಟ್ ವಿಭಾಗಕ್ಕೆ ಸೇರಿದ್ದು ನಿಜ. ಬೀದಿಯವರಿಗೆಲ್ಲ ನೀನು, ನಮ್ಮ ಡಾರ್ಲೀನ್ ಹೆರಾನ್ಸ್‌ನ ಟಿಕೆಟ್ ಲೆಕ್ಕ ನೋಡ್ತಾಳೆ ಎಂದು ಹೇಳಿಕೊಂಡು ಬಂದಾಗ ಅದು ನಿಜವೇ ಆಗಿತ್ತು. ಆಮೇಲೆ ಇವರು ನನ್ನ ಲೆಕ್ಕದ ತಲೆ ನೋಡಿ ಕೆಳಗೆ, ಆಟದ ವಿಭಾಗಕ್ಕೆ ಹಾಕಿಕೊಂಡರು. ಯಾರನ್ನು ಆಡಿಸಬೇಕು, ಯಾರನ್ನು ಯಾರ ಹಿಂದೆ ಕಳಿಸಬೇಕು ಎಂದು ಅಂಕಿ ನೋಡಿ ಹೇಳುವ ಕೆಲಸ. ಆ ಸಂಜೆ ಸಿಹಿ ತೆಗೆದುಕೊಂಡು ನಿನಗೆ ಹೇಳಲೆಂದೇ ಬಂದಿದ್ದೆ. ನೀನು ಟಿವಿಯ ಮುಂದೆ ಕೂತು, ಲೆಕ್ಕದ ಜನ ಸೇರಿಕೊಂಡು ಆಟವನ್ನು ಹಾಳು ಮಾಡಿದರು, ಅವರ ಮನೆ ಹಾಳಾಗ ಎಂದು ಬಯ್ಯುತ್ತಿದ್ದೆ. ಸಿಹಿ ಯಾಕೆ ಎಂದು ನೀನು ಕೇಳಿದೆ. ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು ಎಂದೆ.

ತಮಾಷೆ ನೋಡು, ಈ ಕೆಲಸ ನಾನು ಕಲಿತದ್ದು ನಿನ್ನ ಅಡುಗೆಮನೆಯಲ್ಲೇ. ಪ್ರತಿ ಭಾನುವಾರ ಫ್ರಿಜ್ಜಿನ ಬಾಗಿಲ ಮೇಲೆ ಆಟಗಾರರ ಹೆಸರು ಬರೆದ ಒಂಬತ್ತು ಚೀಟಿ, ಒಂಬತ್ತು ಅಯಸ್ಕಾಂತ. ಸತ್ತವರನ್ನೂ ಆಡಿಸಬಹುದು, ಆದರೆ ಮನೆಯವರಲ್ಲಿ ಒಬ್ಬರಾದರೂ ಕಣ್ಣಾರೆ ನೋಡಿರಬೇಕು ಎಂಬುದು ಅಪ್ಪನ ಕಾನೂನು. ಚೀಟಿ ಜರುಗಿಸಿದವರು ಆಲೂಗೆಡ್ಡೆ ಬೇಯುವ ತನಕ ವಾದ ಮಾಡಿ ಗೆಲ್ಲಬೇಕು. ಸೋತವರು ಪಾತ್ರೆ ತೊಳೆಯಬೇಕು. ಡಟ್ಕೊನಿಗೋಸ್ಕರ ಅಪ್ಪ ಎಷ್ಟು ಪಾತ್ರೆ ತೊಳೆದರು ಅಂತೀಯ. ತೊಳೆಯುತ್ತಲೇ, ಕೈಯೆಲ್ಲ ಸೋಪು, ಚೀಟಿಯನ್ನು ಮತ್ತೆ ಎರಡನೇ ಜಾಗಕ್ಕೆ ಜರುಗಿಸುತ್ತಿದ್ದರು. ಆ ದಿನದ ತಂಡವನ್ನು ನೀನು ಸೋಮವಾರ ಬೆಳಗ್ಗೆ ಕಾಗದಕ್ಕಿಳಿಸಿ ಹೆರಾನ್ಸ್ ಮ್ಯಾನೇಜರಿಗೆ ಅಂಚೆಗೆ ಹಾಕುತ್ತಿದ್ದೆ. ಮ್ಯಾನೇಜರುಗಳು ಬದಲಾದರು, ನಿನ್ನ ಸೋಮವಾರದ ಕಾಗದ ನಿಲ್ಲಲಿಲ್ಲ. ಇಲ್ಲಿ ಅದು ಎಲ್ಲರಿಗೂ ಗೊತ್ತು. ಆಟಗಾರರೇ ಕೇಳುತ್ತಾರೆ, ಈ ವಾರ ಹ್ರಿನ್ಕೊ ಅಮ್ಮ ನಮ್ಮನ್ನು ಆಡಿಸಿದ್ದಾರೋ ಕೂರಿಸಿದ್ದಾರೋ ಎಂದು.

ಜೂನ್ ತಿಂಗಳ ಆ ಮಧ್ಯಾಹ್ನ ನೆನಪಿದೆಯಾ? ನೀನು ಹಿಟ್ಟು ಲಟ್ಟಿಸುತ್ತಿದ್ದೆ, ನಾನು ಹೂರಣ ತುಂಬುತ್ತಿದ್ದೆ. ಎಲಿಸೆಯೊನ ಹುಟ್ಟಿದ ದಿನಕ್ಕೆ ಪ್ರತಿ ವರ್ಷದಂತೆ ನೀನು ಅಕ್ರೋಟಿನ ರೋಲ್ ಮಾಡಿಕೊಂಡು ಹಿಂದಿನ ದಿನ ಆಟಗಾರರ ಗೇಟಿಗೆ ಹೋಗಿ ಬಂದಿದ್ದೆ. ಲಟ್ಟಿಸುತ್ತಿದ್ದವಳು ತಲೆ ಎತ್ತದೆಯೇ ಹೇಳಿದೆ:

"ಅವನ ಬಲಮಂಡಿ ಹೋಗಿದೆ ಕಣೇ. ಚೆಂಡು ಎಸೆಯೋಕೆ ಏಳೋ ಮುಂಚೆ ಕೈ ನೆಲಕ್ಕೆ ಊರ್ತಾನೆ, ನೋಡಿದೀಯಾ? ನಾನು ಕೇಳೇಬಿಟ್ಟೆ. ಹೆಂಡ್ತಿಗೂ ಹೇಳಿಲ್ವಂತೆ. ಅವನ ಭಾಷೇಲಿ ಮರ್ಯಾದೆಯಿಂದ 'ದೋನ್ಯಾ ಮಿಲಾ' ಅಂತ ಕರೆದು, ಸೀಸನ್ ಮುಗಿಯೋ ಅಕ್ಟೋಬರ್‌ಗೆ ನಾನೇ ಹೇಳಿ ಆಟ ಬಿಡ್ತೀನಿ, ಅಲ್ಲೀವರ್ಗೂ ಯಾರಿಗೂ ಹೇಳ್ಬೇಡಿ ಅಂತ ಕೈ ಹಿಡ್ಕೊಂಡ. ನೀನೂ ಹೊಟ್ಟೇಲಿ ಇಟ್ಕೋ."

ಇಟ್ಟುಕೊಳ್ಳುತ್ತೇನೆ ಅಂದೆ. ನೀನು ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಸವರಿದೆ. ಗುಟ್ಟು ಹೇಳಲು ನಿನಗೆ ಅಪ್ಪ ಹೋದ ಮೇಲೆ ನಾನಲ್ಲದೆ ಇನ್ನು ಯಾರಿದ್ದರು.

ಜುಲೈ ಕೊನೆಯಲ್ಲಿ ಪೆಲ್‌ಹ್ಯಾಮ್ ನಮ್ಮನ್ನೆಲ್ಲ ಮೇಲಿನ ಕೋಣೆಗೆ ಕರೆದ. ತಂಡ ಕಟ್ಟುವುದು, ಒಡೆಯುವುದು ಎಲ್ಲ ಅವನ ಕೈಯಲ್ಲಿದೆ, ನಿನಗೆ ಗೊತ್ತು. ಉಳಿದ ಆಟಗಳಿಗೆ ಇದಕ್ಕಿಂತ ಒಳ್ಳೆಯದಾಗಲಾರದು ಎನ್ನುವಂಥ ಒಂಬತ್ತು ಮಂದಿಯನ್ನು ಕೊಡಿ ಎಂದ. ಎಂಟು ಹೆಸರು ಸಲೀಸಾಗಿ ಬಂದವು. ಕ್ಯಾಚರ್ ಜಾಗದಲ್ಲಿ ಲೆಕ್ಕ ನಿಂತಿತು. ಎಲಿಸೆಯೊ ಒಂದು ಕಡೆ, ಕೆಳಗಿನ ತಂಡದಿಂದ ಬಂದ ಹೊಸಬ ಇನ್ನೊಂದು ಕಡೆ. ಅಂಕಿಗಳು ಇಬ್ಬರನ್ನೂ ಸರಿಸಮ ತೂಗುತ್ತಿದ್ದವು. ನಾನು ಹಾಗೆಯೇ ಹೇಳಿದೆ. ಪೆಲ್‌ಹ್ಯಾಮ್ ಪೆನ್ನು ಮೇಜಿನ ಮೇಲಿಟ್ಟು, "ಎರಡೂ ಕಡೆ ತಲೆ ಆಡಿಸೋ ಲೆಕ್ಕ ನನಗೆ ಬೇಡ ಡಾರ್ಲೀನ್. ಒಂದು ಹೆಸರು ಹೇಳು" ಎಂದ.

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು, ನಾನೊಬ್ಬಳೇ ಟಿಕೆಟ್ ವಿಭಾಗದಿಂದ ಬಂದವಳು. ಎಲ್ಲರೂ ನನ್ನತ್ತ ನೋಡುತ್ತಿದ್ದರು. ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅಷ್ಟೇ ಸಾಕಾಯಿತು ಬಾಯಿ ಬಿಡಲು. ಬ್ರಿತೊನ ಬಲಮಂಡಿ ಹೋಗಿದೆ ಎಂದೆ. ಹೇಗೆ ಹೇಳುತ್ತೀಯ ಎಂದು ಕೇಳಿದರು. ಎಸೆಯಲು ಏಳುವ ಮುಂಚೆ ಕೈ ನೆಲಕ್ಕೆ ಊರುತ್ತಾನೆ, ಆಟದ ವಿಡಿಯೊ ಹಾಕಿ ನೋಡಿ ಎಂದೆ. ಪರದೆಯ ಮೇಲೆ ಹಾಕಿದರು. ನೀನು ಬೆರಳು ತೋರಿಸಿದ ಕಡೆಗೇ ಎಲ್ಲರೂ ನೋಡಿದರು. ಒಂದು ಸಲ ಕಂಡ ಮೇಲೆ ಅದು ಪ್ರತಿ ಸಲವೂ ಕಾಣುತ್ತದೆ. ಪೆಲ್‌ಹ್ಯಾಮ್ ನನ್ನ ಬೆನ್ನು ತಟ್ಟಿ, ಒಳ್ಳೇ ಕಣ್ಣು ನಿನ್ನದು ಎಂದ. ನಾನು ಥ್ಯಾಂಕ್ಸ್ ಹೇಳಿದೆ. ನಿನ್ನ ಕಣ್ಣಿಗೆ ಬಂದ ಹೊಗಳಿಕೆಯನ್ನು ನಾನು ಇಸಕೊಂಡೆ ಅಮ್ಮ, ಖುಷಿಯಾಗಿಯೇ ಇಸಕೊಂಡೆ.

ಅವನನ್ನು ಬೆಂಚಿನ ಮೇಲೆ ಕೂರಿಸುತ್ತಾರೆ, ಅಕ್ಟೋಬರ್ ತನಕ ಹೇಗೋ ಕಳೆಯುತ್ತದೆ ಅಂದುಕೊಂಡಿದ್ದೆ. ಇದು ನನ್ನ ಸಮಾಧಾನಕ್ಕೆ ನಾನೇ ಹೇಳಿಕೊಂಡ ಮಾತು. ಮಂಡಿ ಹೋದ ಮೂವತ್ತಾರರ ಕ್ಯಾಚರನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಈ ಕೆಲಸದಲ್ಲಿರುವ ನನಗೆ ತಿಳಿಯದೇ? ಆಗಸ್ಟಿನಲ್ಲಿ ಕೈಬಿಟ್ಟರು. ತಾನಾಗಿ ಹೇಳಿ, ಟೋಪಿ ಎತ್ತಿ, ಹೆಂಡತಿ ಮಕ್ಕಳ ಮುಂದೆ ಆಟ ಬಿಡಬೇಕೆಂದಿದ್ದವನಿಗೆ ಬೇರೆಯವರು ಹೋಗು ಎಂದರು. ಭಾನುವಾರ ನೂರು ವರ್ಷದ ಸಮಾರಂಭದಲ್ಲಿ ಅವನಿಗೆ ಇಟ್ಟುಕೊಂಡಿರುವ ಬೀಳ್ಕೊಡುಗೆ ಊರಿನವರ ಸಿಟ್ಟು ಆರಿಸಲು ಮಾಡುತ್ತಿರುವುದು ಅಷ್ಟೇ.

ತಂಡ ಈಗ ಗೆಲ್ಲುತ್ತಿದೆ. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟು ಅತ್ತರೂ ನೀನು ರೇಡಿಯೊ ಹಾಕುವುದನ್ನು ಬಿಟ್ಟಿಲ್ಲ. ಹೊಸ ಹುಡುಗನ ಎಸೆತಕ್ಕೆ ಹೆದರಿ ಎದುರಾಳಿಗಳು ಯಾರೂ ಮುಂದಿನ ಬೇಸ್ ಕದಿಯಲು ಓಡುವ ಧೈರ್ಯ ಮಾಡುತ್ತಿಲ್ಲ. ನನ್ನ ಲೆಕ್ಕ ತಪ್ಪಾಗಿದ್ದರೆ ಅಳುತ್ತ ಬಂದು ನಿನ್ನ ಮಡಿಲಲ್ಲಿ ತಲೆ ಇಡುತ್ತಿದ್ದೆ. ಲೆಕ್ಕ ಸರಿಯಾಗಿದೆ. ಅದಕ್ಕೇ ನನಗೆ ಎಲ್ಲೂ ತಲೆ ಇಡಲು ಜಾಗವಿಲ್ಲ.

ಅವನನ್ನು ಕಳಿಸಿದ ದಿನ ನೀನು ಫ್ರಿಜ್ಜಿನ ಮುಂದೆ ನಿಂತು ಅವನ ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆ. ನಾನು ನಿನ್ನ ಬೆನ್ನು ಸವರುತ್ತ ನಿಂತಿದ್ದೆ, ಯಾರು ಮಾಡಿದರೋ ಪಾಪಿಗಳು ಎಂದೂ ಅಂದೆ. ಆಮೇಲೆ ನೀನೇ ಕಣ್ಣೊರೆಸಿಕೊಂಡು ಚೀಟಿಯನ್ನು ನಾಲ್ಕನೇ ಜಾಗದಲ್ಲಿ ಅಂಟಿಸಿದೆ. ಅವತ್ತಿನಿಂದ ಅವನ ಫೋನಿಗೆ ಕಾಯುತ್ತಿದ್ದೀಯ. ಹಬ್ಬಕ್ಕೂ ಹುಣ್ಣಿಮೆಗೂ ಮಾಡುತ್ತಿದ್ದವನು ಒಂದು ಮಾತೂ ಆಡಲಿಲ್ಲ, ಸೋತ ಮುಖ ಹೇಗೆ ತೋರಿಸಲಿ ಅಂತ ನಾಚಿಕೆ ಇರಬೇಕು ಪಾಪ ಎಂದು ನೀನು ಪ್ರತಿ ಭಾನುವಾರ ಹೇಳುತ್ತೀಯ. ನಾನು ಹ್ಞೂಂ ಎನ್ನುತ್ತೇನೆ.

ನಿನ್ನ ಭಾಷಣದಲ್ಲಿ ಒಂದಕ್ಷರವನ್ನೂ ನಾನು ಬದಲಿಸಿಲ್ಲ. ಆ ನಾಲ್ಕು ಸಾಲನ್ನು ಒಮ್ಮೆ ಅಳಿಸಿದ್ದೆ, ಹೌದು. ಜಾಗ ಸಾಲಲಿಲ್ಲ ಎಂದು ನಿನಗೆ ಹೇಳೋಣವೆಂದು ಸುಳ್ಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಆಮೇಲೆ ಮತ್ತೆ ಟೈಪ್ ಮಾಡಿದೆ. ಹಾಳೆ ಈ ಲಕೋಟೆಯಲ್ಲೇ ಇದೆ. ನೀನು ಅದನ್ನು ಓದು, ಬಿಡು, ನಿನ್ನಿಷ್ಟ. ಓದಿದರೆ ಮುಖಕ್ಕಾಗಿ ಹುಡುಕಬೇಡ. ಮೂರನೇ ಬೇಸಿನ ಹಿಂದೆ, ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲಿರುತ್ತೇನೆ. ಎದ್ದು ನಿಲ್ಲುತ್ತೇನೆ.

ಇನ್ನು ಮೇಲೆ ವಾದದಲ್ಲಿ ಯಾರೇ ಸೋಲಲಿ, ಪಾತ್ರೆ ತೊಳೆಯುವವಳು ನಾನು. ನೀನು ಬಾಗಿಲು ತೆಗೆದರೆ.

ನಿನ್ನ ಹೊಟ್ಟೆಯಲ್ಲೇ ಹುಟ್ಟಿ, ನಿನ್ನ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದ
ಡಾರ್ಲೀನ್

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಎಲಿಸೆಯೊ ನಿನಗೆ ಫೋನ್ ಮಾಡದಿರುವುದು ನಾಚಿಕೆಯಿಂದಲ್ಲ. ಸಾಮಾನು ಕಟ್ಟಿಕೊಂಡು ಹೋಗುವ ದಿನ ಅವನು ಈ ನೆಲಮಾಳಿಗೆಗೂ ಬಂದು ಎಲ್ಲರ ಕೈ ಕುಲುಕಿದ. ನನ್ನನ್ನು ಅವನೂ ಟಿಕೆಟ್ ಲೆಕ್ಕದವಳೆಂದೇ ತಿಳಿದಿದ್ದಾನೆ. ಮಂಡಿಯ ವಿಷಯ ನಾನು ನಿಮ್ಮಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಸೋಮವಾರದ ಕಾಗದದಲ್ಲಿ ಮ್ಯಾನೇಜರಿಗೆ ಬರೆದುಬಿಟ್ಟರಾ ಎಂದು ಮೆಲ್ಲಗೆ ಕೇಳಿದ. ನಾನು ನೆಲ ನೋಡಿದೆ. ಅವನು ಅದನ್ನು ಹೌದು ಎಂದುಕೊಂಡ. ಹೋಗಲಿ ಬಿಡು, ವಯಸ್ಸಾದವರು, ಅವರಿಗೇನೂ ಅನ್ನಬೇಡ ಎಂದು ಹೇಳಿ ಹೋದ. ನಿನ್ನೆ ಅವನ ಮನೆಯ ತನಕ ಹೋಗಿ, ಕಾರಿನಿಂದ ಇಳಿಯದೆ ತಿರುಗಿ ಬಂದೆ. ನಾಳೆ ಇದನ್ನು ನಿನ್ನ ಡಬ್ಬಿಗೆ ಹಾಕಿ ಅಲ್ಲಿಂದ ನೇರ ಅವನ ಮನೆಗೆ ಹೋಗುತ್ತೇನೆ. ಭಾನುವಾರ ನೀನು ಅವನಿಗೆ ಅಕ್ರೋಟಿನ ರೋಲ್ ತೆಗೆದುಕೊಂಡು ಹೋಗುತ್ತೀಯಲ್ಲ. ಅವನು ನಿನ್ನ ಕೈಯಿಂದ ತೆಗೆದುಕೊಂಡರೆ ನಾನು ಅವನಿಗೆ ನಿಜ ಹೇಳಿದ್ದೇನೆ ಎಂದು ತಿಳಿ. ತೆಗೆದುಕೊಳ್ಳದಿದ್ದರೆ ನಾನು ಮತ್ತೆ ಹೆದರಿ ತಿರುಗಿ ಬಂದಿದ್ದೇನೆ. ಆಗ ಒಂಬತ್ತು ಹೆಸರಾದ ಮೇಲೆ ಮೈಕಿನಲ್ಲಿ ನನ್ನ ಹೆಸರನ್ನೂ ಓದಿಬಿಡು.