ಎರಡು ನಲವತ್ತೆಂಟರ ನೆರಳು

ನರಿಮೊಗರು, ಪುತ್ತೂರು
ಮೇ 30, ಮಂಗಳವಾರ

ಪ್ರೀತಿಯ ಜುಮಾನಾಳ ಉಪ್ಪನಿಗೆ,

ಅಸ್ಸಲಾಮು ಅಲೈಕುಮ್. ಹೇಗಿದ್ದೀರಿ? ಹಲ್ಲುನೋವು ಕಡಿಮೆಯಾಯಿತೇ, ಅಥವಾ ಇನ್ನೂ ಲವಂಗ ಕಚ್ಚಿಕೊಂಡೇ ದಿನ ದೂಡುತ್ತಿದ್ದೀರಾ? ಕೈಯಲ್ಲಿ ಫೋನು ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲಿ ಹೇಳಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಗುತ್ತೀರಿ, ಅಷ್ಟರಲ್ಲಿ ನಿಮ್ಮ ಮರುಭೂಮಿಯ ಸಿಗ್ನಲ್ ಹೋಗುತ್ತದೆ. ಈ ಸಲದ ವಿಷಯವನ್ನು ನೀವು ಮೊದಲಿನಿಂದ ಕೊನೆಯವರೆಗೆ ಬಾಯಿ ಮುಚ್ಚಿ ಕೇಳಬೇಕು. ಅದಕ್ಕೆ ಕಾಗದವೇ ಸರಿ. ನೆರೆಮನೆಯ ನಿಝಾಮ್ ಗುರುವಾರದ ವಿಮಾನದಲ್ಲಿ ಕುವೈತಿಗೆ ಬರುತ್ತಿದ್ದಾನೆ. ಅವನ ಬ್ಯಾಗಿನಲ್ಲಿ ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿ, ಅವೆರಡರ ನಡುವೆ ಈ ಕಾಗದ. ಎಣ್ಣೆ ತಾಗಿದ್ದರೆ ನನ್ನನ್ನು ಬೈಯಬೇಡಿ.

ನಿಮ್ಮ ಬಿಸಿಲಿನ ಸುದ್ದಿ ಕೇಳಿ ಬೇಜಾರಾಯಿತು. ನಲವತ್ತೆಂಟು ಡಿಗ್ರಿ ಎಂದರೆ ನಮಗೆ ಊಹಿಸಲಿಕ್ಕೂ ಆಗದು. ಆದರೆ ಮೊನ್ನೆ ನೀವು "ಇಲ್ಲಿ ಸೂರ್ಯ ನೆತ್ತಿ ಮೇಲೆಯೇ ಕೂತಿದ್ದಾನೆ ಮಾರಾಯ್ತಿ, ನಿಮ್ಮಲ್ಲಿ ಎಂತ ಬಿಸಿಲು" ಎಂದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕುವೈತಿನಲ್ಲಿ ಸೂರ್ಯ ವರ್ಷದ ಒಂದು ದಿನವೂ ನೆತ್ತಿಗೆ ಬರುವುದಿಲ್ಲ. ನೀವಿರುವುದು ಇಪ್ಪತ್ತೊಂಬತ್ತನೇ ಅಕ್ಷಾಂಶದಲ್ಲಿ. ಅವನು ಇಪ್ಪತ್ತಮೂರೂವರೆ ದಾಟಿ ಉತ್ತರಕ್ಕೆ ಒಂದು ಹೆಜ್ಜೆಯೂ ಇಡುವವನಲ್ಲ. ಅವನು ನೆತ್ತಿಗೆ ಬರುವುದು ನಮ್ಮಲ್ಲಿ, ವರ್ಷಕ್ಕೆ ಎರಡು ಸಲ: ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟಿನಲ್ಲಿ ಮೋಡದ ಮರೆಯಲ್ಲಿ ಇನ್ನೊಮ್ಮೆ. ಆದರೂ ಬೇಯುವವರು ನೀವು, ನೆನೆಯುವವರು ನಾವು. ಅಕ್ಷಾಂಶ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ನೋಡಿ, ಪಕ್ಕದಲ್ಲಿ ಕಡಲು ಯಾವ ಕಡೆಗಿದೆ, ಬೆನ್ನಿಗೆ ಘಟ್ಟ ಇದೆಯೇ ಎನ್ನುವುದೂ ಬೇಕು. ನಮ್ಮ ಅಂಗಳದಿಂದ ಅದೇ ಅಕ್ಷಾಂಶ ಹಿಡಿದು ಪಶ್ಚಿಮಕ್ಕೆ ಹೋದರೆ ಕಡಲಾಚೆ ಸಿಗುವುದು ಏಡನ್. ಅದೇ ಗೆರೆ, ಅದೇ ಸೂರ್ಯ. ಅಲ್ಲಿ ಕೊಡೆ ಅಂಗಡಿ ಇಟ್ಟವನು ಉಪವಾಸ ಬೀಳಬೇಕು. ಇಲ್ಲಿ ಜೂನ್ ಬಂತೆಂದರೆ ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟಬೇಕು. ಪಾಠ ಶುರುವಾಯಿತು ಎಂದು ಮುಖ ಸಿಂಡರಿಸಬೇಡಿ. ಹದಿನಾರು ವರ್ಷದಿಂದ ಕಾಣಿಯೂರು ಶಾಲೆಯ ಮಕ್ಕಳು ಕೇಳುತ್ತಿದ್ದಾರೆ, ನೀವು ಒಂದು ದಿನ ಕೇಳಿ.

ನೀವು ಯಾವಾಗಲೂ ನನ್ನನ್ನು ತಮಾಷೆ ಮಾಡುವ ಮಾತೊಂದಿದೆ. "ಭೂಮಿ ಮೇಲೆ ಇಲ್ಲದ ಗೆರೆ ಕಲಿಸಿ ಸಂಬಳ ತಗೊಳ್ಳುದು ಅಂದ್ರೆ ನೀನೇ." ಮದುವೆಯ ವರ್ಷದಿಂದ ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ಆದರೆ ಆ ಇಲ್ಲದ ಗೆರೆಗಳೇ ಮೊನ್ನೆ ಭಾನುವಾರ ನಿಮ್ಮನ್ನು ಹೆತ್ತ ಉಮ್ಮನನ್ನು ಉಳಿಸಿದವು. ಹೌದು, ಉಳಿಸಿದವು ಎಂದೇ ಬರೆಯುತ್ತೇನೆ. ಏನಾಗಿತ್ತು ಎಂಬುದನ್ನು ನಾನು ಎರಡು ತಿಂಗಳಿನಿಂದ ನಿಮಗೆ ಹೇಳದೆ ನುಂಗಿಕೊಂಡಿದ್ದೇನೆ. ದೂರದಲ್ಲಿ ಕೆಲಸ ಮಾಡುವವರಿಗೆ ಮನೆಯ ಸಂಕಟವನ್ನು ಅರ್ಧಕ್ಕೆ ಹೇಳಬಾರದು ಎಂದು ಸುಮ್ಮನಿದ್ದೆ.

ಫೆಬ್ರವರಿಯಲ್ಲಿ ನೀವು ರಜೆಗೆ ಬಂದಾಗ ಉಮ್ಮನಿಗಾಗಿ ಹೊಸ ಕೋಣೆ ಕಟ್ಟಿಸಿದಿರಲ್ಲ, ಒಳಗೇ ಬಚ್ಚಲು, ಕೈಹಿಡಿಯಲು ಕಂಬಿ, ಎಲ್ಲ ಚೆಂದ. ನಮಾಜಿನ ಮೂಲೆಯಲ್ಲಿ ಕಪ್ಪು ಗ್ರಾನೈಟಿನ ಗೆರೆ ಹಾಕಿಸಲು ನೀವು ಫೋನನ್ನು ನೆಲದಲ್ಲಿಟ್ಟು ಮಕ್ಕಾ ಎತ್ತ ಎಂದು ಕಿಬ್ಲಾ ನೋಡಿದಿರಿ. ಅದರ ಬಾಣ ತೋರಿಸಿದ ದಿಕ್ಕಿಗೂ ಹಳೆಯ ಕೋಣೆಯ ಕಾವಿ ನೆಲದಲ್ಲಿರುವ ಗೆರೆಗೂ ದೊಡ್ಡ ಅಂತರ. ಆಗ ನೀವು ನಕ್ಕು ಹೇಳಿದ್ದು ನೆನಪಿದೆಯೇ? "ಉಮ್ಮಾ, ನೀವು ಅರವತ್ತು ವರ್ಷ ಆಫ್ರಿಕಾಕ್ಕೆ ತಿರುಗಿ ನಮಾಜ್ ಮಾಡಿದ್ದು!" ನಾವೆಲ್ಲ ನಕ್ಕೆವು. ಉಮ್ಮನೂ ನಕ್ಕರು. ಗಿರಿಧರ ಮೇಸ್ತ್ರಿ ಫೋನು ಹೇಳಿದ ಹಾಗೆ ಗೆರೆ ಕೂರಿಸಿದರು, ನೀವು ವಿಮಾನ ಹತ್ತಿದಿರಿ. ನೀವು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು, ಉಮ್ಮನಿಗೂ ಗೊತ್ತು. ಆದರೆ ನಿಮ್ಮ ಆ ನಗು ಅವರ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು.

ರಂಜಾನಿನಲ್ಲಿ ನನಗೆ ಗೊತ್ತಾಯಿತು. ಮಧ್ಯಾಹ್ನದ ಲುಹರ್ ನಮಾಜಿಗೆ ನಿಂತವರು ಸಂಜೆಯ ಅಸರ್ ಬಾಂಗ್ ಕೊಟ್ಟರೂ ಮುಗಿಸುತ್ತಿರಲಿಲ್ಲ. ಮೊಣಕಾಲು ಊದಿ ತೆಂಗಿನಕಾಯಿಯಷ್ಟಾಗಿತ್ತು. ಸಂಜೆ ಉಪವಾಸ ಬಿಡಲು ಕರೆದರೆ ಎರಡು ತುತ್ತು ತಿಂದು ಮತ್ತೆ ಮುಸಲ್ಲಾ ಚಾಪೆಯ ಮೇಲೆ ನಿಲ್ಲುವುದು. ಒತ್ತಾಯಿಸಿ ಕೇಳಿದ ಮೇಲೆ ಹೇಳಿದರು: "ಹದಿನೇಳಕ್ಕೆ ಈ ಮನೆಗೆ ಬಂದದ್ದು ಮಗಳೇ. ಅಲ್ಲಿಂದ ಮಾಡಿದ್ದೆಲ್ಲ ಬೇರೆ ದಿಕ್ಕಿಗೆ ಹೋಗಿದೆ. ಇನ್ನು ಜೀವ ಇರುವಷ್ಟು ದಿನ ತಿರುಗಿ ಮಾಡಿ ತೀರಿಸಿ ಹೋಗುದು." ಎಪ್ಪತ್ತೇಳು ವರ್ಷದ ಹೆಂಗಸು, ಅರವತ್ತು ವರ್ಷದ ನಮಾಜನ್ನು ಮೊದಲಿನಿಂದ ಶುರು ಮಾಡಿದ್ದರು! ನನಗೆ ಅಳು ಬಂತು. ಮಸೀದಿಯ ಉಸ್ತಾದರನ್ನು ಕರೆಸಿದೆ. ತಿಳಿಯದೆ ಆದದ್ದಕ್ಕೆ ತಪ್ಪಿಲ್ಲ, ಅಲ್ಲಾಹನು ಮನಸ್ಸು ನೋಡುತ್ತಾನೆ, ಏನೂ ತೀರಿಸಬೇಕಾಗಿಲ್ಲ ಎಂದು ಅವರು ಎಷ್ಟು ತಾಳ್ಮೆಯಿಂದ ಹೇಳಿದರು ಗೊತ್ತೇ? ಅವರು ಗೇಟು ದಾಟಿದ ಮೇಲೆ ಉಮ್ಮ ಹೇಳಿದ್ದು ಒಂದೇ ಮಾತು: "ಪಾಪ, ನನ್ನ ಪ್ರಾಯ ನೋಡಿ ಹೇಳಿದ್ದು. ಮಾಫಿ ಸಿಗ್ತದೆ ಅಂತ ನನಗೂ ಗೊತ್ತುಂಟು. ನನಗೆ ಮಾಫಿ ಬೇಡ ಮಗಳೇ. ನಾನು ತಿರುಗಿ ನಿಂತದ್ದು ಸರಿಯಾ ತಪ್ಪಾ, ಅದು ಹೇಳುವವರು ಬೇಕು."

ಆ ದಿನ ನಾನು ತೀರ್ಮಾನಿಸಿದೆ, ಹೇಳುವವಳು ನಾನೇ ಎಂದು. ಶಾಲೆಯ ಗೋಳದ ಮೇಲೆ ಪುತ್ತೂರಿನಿಂದ ಮಕ್ಕಾದವರೆಗೆ ನೂಲು ಬಿಗಿಯಾಗಿ ಎಳೆದು ನೋಡಿದೆ. ನಾವು ಹದಿಮೂರನೇ ಅಕ್ಷಾಂಶದ ಕೆಳಗೆ, ಮಕ್ಕಾ ಇಪ್ಪತ್ತೊಂದೂವರೆಯ ಆಸುಪಾಸು. ರೇಖಾಂಶದಲ್ಲಿ ಅದು ನಮ್ಮಿಂದ ಮೂವತ್ತೈದು ಡಿಗ್ರಿ ಪಶ್ಚಿಮಕ್ಕೆ. ನೂಲು ನೇರ ಪಶ್ಚಿಮಕ್ಕೆ ಹೋಗದೆ ಹತ್ತೊಂಬತ್ತು ಡಿಗ್ರಿಯಷ್ಟು ಉತ್ತರಕ್ಕೆ ವಾಲಿತು. ಹಳೆಯ ಗೆರೆಯೂ ಹಾಗೆಯೇ ವಾಲಿದ ಹಾಗೆ ಕಾಣುತ್ತಿತ್ತು! ಆದರೆ ಪಕ್ಕಾ ಹೇಳಬೇಕಾದರೆ ನೆಲದ ಮೇಲೆ ಸರಿಯಾದ ಉತ್ತರ ಬೇಕು. ಶಾಲೆಯ ದಿಕ್ಸೂಚಿ ತಂದು ಹೊಸ ಕೋಣೆಯಲ್ಲಿಟ್ಟರೆ ಅದು ಕಿಟಕಿಯ ಹತ್ತಿರ ಒಂದು ಉತ್ತರ ತೋರಿಸಿತು, ಬಾಗಿಲ ಹತ್ತಿರ ಇನ್ನೊಂದು. ಗಿರಿಧರ ಮೇಸ್ತ್ರಿ ತಲೆ ತುರಿಸಿಕೊಂಡು ಹೇಳಿದರು, "ಟೀಚರೇ, ಅಡಿಯಲ್ಲಿ ಪೂರಾ ಕಬ್ಬಿಣದ ಸರಳು ಉಂಟು, ಮುಳ್ಳು ಪಾಪ ಎಂತ ಮಾಡುದು?" ಆಗ ನನಗೆ ಇನ್ನೊಂದೂ ಹೊಳೆಯಿತು. ನಿಮ್ಮ ಫೋನಿನ ಮಡಚುವ ಕವರಿಗೆ ನನ್ನ ತಲೆವಸ್ತ್ರದ ಪಿನ್ನುಗಳು ಹೋಗಿ ಅಂಟಿಕೊಳ್ಳುತ್ತಿದ್ದವಲ್ಲ, ಅದರಲ್ಲಿ ಆಯಸ್ಕಾಂತ ಇತ್ತು! ಕೆಳಗೆ ಸರಳು, ಮೈಗೆ ಆಯಸ್ಕಾಂತ, ಇವೆರಡರ ನಡುವೆ ಸಿಕ್ಕಿಕೊಂಡ ಫೋನು ಉಮ್ಮನ ಅರವತ್ತು ವರ್ಷದ ಮೇಲೆ ತೀರ್ಪು ಕೊಟ್ಟಿತ್ತು. ಓಡಿಹೋಗಿ ಉಮ್ಮನಿಗೆ ಹೇಳಿದರೆ, "ಮಗ ಅಷ್ಟು ದುಡ್ಡು ಕೊಟ್ಟು ತಂದ ಫೋನಿಗಿಂತ ನಿನ್ನ ಶಾಲೆಯ ಡಬ್ಬಿ ದೊಡ್ಡದಾ?" ಎಂದು ಮುಖ ತಿರುಗಿಸಿದರು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಹಾಗಾದರೆ ಯಾರ ಮಾತು ನಂಬುತ್ತಾರೆ ಇವರು ಎಂದು ಯೋಚಿಸಿದಾಗ ಸಿಕ್ಕಿದ ಸಾಕ್ಷಿ ಸೂರ್ಯ. ಅವನಿಗೆ ಕವರೂ ಇಲ್ಲ, ಕಬ್ಬಿಣದ ಹೆದರಿಕೆಯೂ ಇಲ್ಲ. ಮಕ್ಕಾದಲ್ಲಿಯೂ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಗೆ ಬರುತ್ತಾನೆ. ಮೊದಲನೆಯದು ಮೇ ಇಪ್ಪತ್ತೆಂಟರ ಸುಮಾರಿಗೆ, ಅಲ್ಲಿಯ ಮಧ್ಯಾಹ್ನಕ್ಕೆ. ಆಗ ನಮ್ಮ ಗಡಿಯಾರದಲ್ಲಿ ಎರಡು ಗಂಟೆ ನಲವತ್ತೆಂಟು ನಿಮಿಷ. ಆ ಹೊತ್ತಿನಲ್ಲಿ ಅವನು ಕಾಬಾದ ನೇರ ಮೇಲೆ ನಿಂತಿರುತ್ತಾನೆ, ಅಂದರೆ ಪ್ರಪಂಚದ ಯಾವ ಮೂಲೆಯಿಂದ ಸೂರ್ಯನ ಕಡೆ ತಿರುಗಿದರೂ ಅದೇ ಕಿಬ್ಲಾ. ಒಂದು ಕೋಲು ನೆಟ್ಟರೆ ಸಾಕು, ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ನೋಡಿದ ದಿಕ್ಕೇ ದಿಕ್ಕು. ಇದನ್ನು ಹೇಳಿದಾಗ ಉಮ್ಮ ಮೊದಲ ಸಲ ತಲೆ ಎತ್ತಿದರು. "ನನ್ನ ಮದುವೆ ವರ್ಷ ಆ ಗೆರೆ ಹಾಕಿಸಿದ ಮಸೀದಿಯ ಮುಸ್ಲಿಯಾರರೂ ಅಂಗಳದಲ್ಲಿ ಕೋಲು ನೆಟ್ಟು ದಿನ ಇಡೀ ಕೂತಿದ್ರು. ಹುಚ್ಚು ಅಂತ ನಾವು ಹೆಂಗಸರು ನಗಾಡಿದ್ದು" ಎಂದರು. ಉಸ್ತಾದರೂ ಇದು ಹಿಂದಿನಿಂದ ಬಂದ ಕ್ರಮವೇ ಎಂದು ಒಪ್ಪಿದರು. ಭಾನುವಾರ ಸಾಕ್ಷಿಗೆ ತಾನೂ ಬರುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆಯಿಂದ ಬಿಸಿಲೋ ಬಿಸಿಲು. ಗಿರಿಧರ ಮೇಸ್ತ್ರಿ ಅಂಗಳದಲ್ಲಿ ಒಂದು ಕೋಲನ್ನು ಗುಂಡು ಕಟ್ಟಿದ ದಾರ ಹಿಡಿದು ನೆಟ್ಟಗೆ ನಿಲ್ಲಿಸಿದರು. ಅದರ ಬುಡದಿಂದ ನೆರಳು ಬೀಳುವ ಬದಿಗೆ ಎರಡು ನೂಲು ಎಳೆದರು: ಹಳೆಯ ಕಾವಿ ನೆಲದ ಗೆರೆಯ ನೇರಕ್ಕೆ ಬಿಳಿ ನೂಲು, ಹೊಸ ಗ್ರಾನೈಟ್ ಗೆರೆಯ ನೇರಕ್ಕೆ ಕೆಂಪು ನೂಲು. ಮೇಸ್ತ್ರಿಗಳಿಗೆ ಅದೆಲ್ಲ ಎಡಗೈ ಕೆಲಸ. ಎರಡು ನೂಲಿನ ತುದಿಗಳ ನಡುವೆ ಎರಡು ಗೇಣಿಗೂ ಮಿಕ್ಕಿ ಜಾಗ. ಉಮ್ಮ ಬಿಳಿ ಮಲ್ಲಿನ ತಲೆವಸ್ತ್ರ ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂತರು, ಕೋರ್ಟಿನಲ್ಲಿ ತೀರ್ಪಿಗೆ ಕಾಯುವವರ ಹಾಗೆ. ಎರಡು ಗಂಟೆಗೆ ಪಶ್ಚಿಮದಿಂದ ಮೋಡ ಏರಿತು ನೋಡಿ! ನಾನು ಗಡಿಯಾರ ಹಿಡಿದು ಕೂತೆ. ಎರಡೂವರೆಗೆ ಅಂಗಳ ಪೂರಾ ಕಪ್ಪು, ನೆರಳು ಎಂಬುದೇ ಇಲ್ಲ. ಕಡಬದ ಕಡೆ ಗುಡುಗು. ಜುಮಾನಾ ನನ್ನ ಸೆರಗು ಹಿಡಿದು, "ಮಳೆ ಬಂದ್ರೆ ಎಂತ ಮಾಡುದು ಉಮ್ಮಾ?" ಎಂದು ಪಿಸುಗುಟ್ಟಿದಳು. ಎರಡು ನಲವತ್ತನಾಲ್ಕು. ಎರಡು ನಲವತ್ತಾರು. ಎರಡು ನಿಮಿಷ ಆಚೀಚೆಯಾದರೂ ತೊಂದರೆ ಇಲ್ಲ ಎಂದು ಉಸ್ತಾದರಿಗೆ ಹೇಳುತ್ತಾ ನನಗೆ ನಾನೇ ಧೈರ್ಯ ಹೇಳಿಕೊಳ್ಳುತ್ತಿದ್ದೆ. ನಿಮ್ಮ ಉಮ್ಮ ಮಾತ್ರ ಆಕಾಶ ನೋಡಲೇ ಇಲ್ಲ, ಕೋಲಿನ ಬುಡದಿಂದ ಕಣ್ಣು ತೆಗೆಯಲಿಲ್ಲ.

ಎರಡು ನಲವತ್ತೆಂಟಕ್ಕೆ ಮೋಡ ಹರಿಯಿತು. ಹರಿದದ್ದು ಎಷ್ಟು ಎಂದರೆ ನಮ್ಮ ಅಂಗಳದಗಲ ಬಿಸಿಲು ಬೀಳುವಷ್ಟು. ಕೋಲಿನ ನೆರಳು ಎದ್ದು ಬಂದು ಬಿಳಿ ನೂಲಿನ ಮೇಲೆ ಮಲಗಿತು. ಮೇಸ್ತ್ರಿ ಮೊಣಕಾಲೂರಿ ಕೂತು ಅಳೆದು, "ತುದಿಯಲ್ಲಿ ಒಂದು ಬೆರಳು ವ್ಯತ್ಯಾಸ ಉಂಟು ಅಷ್ಟೇ, ಪಾತುಮ್ಮಾ. ಕೆಂಪಿನ ಹತ್ತಿರವೂ ಇಲ್ಲ!" ಎಂದು ಉಮ್ಮನಿಗೆ ಕೂಗಿ ಹೇಳಿದರು. ಉಸ್ತಾದರು ಬಗ್ಗಿ ನೋಡಿ, ಎದ್ದು ನಿಂತು, "ಉಮ್ಮಾ, ನೀವು ಒಂದು ದಿನವೂ ತಪ್ಪಿಲ್ಲ" ಎಂದರು. ನಾನು ಟೀಚರು ಎಂಬುದನ್ನೂ ಮರೆತು ಅಂಗಳದಲ್ಲಿ ಕುಣಿದೆ. ಹೌದು, ಕುಣಿದೆ! ಉಸ್ತಾದರು ಮುಖ ಆಚೆ ಮಾಡಿ ನಕ್ಕರು. ಉಮ್ಮ ಕುರ್ಚಿಯಿಂದ ಮೆಲ್ಲಗೆ ಎದ್ದು ಬಿಳಿ ನೂಲಿನ ಪಕ್ಕದಲ್ಲಿ ನಿಂತು, ಆ ದಿಕ್ಕಿಗೆ ಮುಖ ಮಾಡಿ, "ಅಲ್‌ಹಮ್ದುಲಿಲ್ಲಾಹ್" ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ರಮ್ಲತ್, ಹಸಿವಾಗ್ತದೆ. ರೊಟ್ಟಿ ಉಂಟಾ?" ಮೂರು ತಿಂಗಳಲ್ಲಿ ಅವರು ಬಾಯಿಬಿಟ್ಟು ಕೇಳಿದ ಮೊದಲ ಊಟ. ನಾಲ್ಕು ರೊಟ್ಟಿ, ಕೋಳಿ ಸಾರು, ಮೇಲಿಂದ ಒಂದು ಬಾಳೆಹಣ್ಣು. ಊಟ ಮುಗಿಯುವ ಮೊದಲೇ ಮಳೆ ಸುರಿಯಿತು, ಅಂಗಳದ ಎರಡೂ ನೂಲು ನೆನೆದು ಮಣ್ಣಿಗೆ ಅಂಟಿಕೊಂಡವು.

ನಿನ್ನೆ ಮೇಸ್ತ್ರಿ ಬಂದು ನಿಮ್ಮ ಗ್ರಾನೈಟ್ ಗೆರೆ ಕಿತ್ತು ಸರಿಯಾದ ದಿಕ್ಕಿಗೆ ಕೂರಿಸಿದರು. ಉಮ್ಮ ಪಕ್ಕದಲ್ಲೇ ಕೂತು ಮೇಲುಸ್ತುವಾರಿ ನೋಡಿಕೊಂಡರು. ಕಾಲಿನ ಊತ ಇಳಿಯುತ್ತಿದೆ. ಲುಹರ್ ಮುಗಿಸಿ ಈಗ ಒಂದು ನಿದ್ದೆ ಮಾಡುತ್ತಾರೆ. ನೆರೆಯ ಹೆಂಗಸರು ಬಂದರೆ ಮಕ್ಕಾ ಎಷ್ಟನೇ ಅಕ್ಷಾಂಶದಲ್ಲಿದೆ ಎಂದು ಅವರೇ ಪಾಠ ಹೇಳುತ್ತಾರೆ. ನಡುನಡುವೆ ನನ್ನನ್ನು ತೋರಿಸಿ, "ನಮ್ಮ ಸೊಸೆ ಸೂರ್ಯನನ್ನು ಸಾಕ್ಷಿಗೆ ಕರೆಸಿದವಳು" ಎನ್ನುತ್ತಾರೆ. ಇಲ್ಲದ ಗೆರೆ ಕಲಿಸುವವಳಿಗೆ ಈ ಮನೆಯಲ್ಲಿ ಇನ್ನು ಮೇಲೆ ಮರ್ಯಾದೆ ಕಡಿಮೆಯಾಗಬಾರದು ಎಂದು ತಮಗೆ ಈ ಮೂಲಕ ತಿಳಿಸಲಾಗಿದೆ. ನನಗೆ ಎಷ್ಟು ಖುಷಿಯಾಗಿದೆ ಎಂದರೆ, ಬರೆಯುತ್ತಾ ಬರೆಯುತ್ತಾ ಚಹಾ ತಣ್ಣಗಾದದ್ದೂ ಗೊತ್ತಾಗಲಿಲ್ಲ.

ಬಿಸಿಲಿನಲ್ಲಿ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಹಲ್ಲಿಗೆ ವೈದ್ಯರನ್ನು ಕಾಣಿ, ಲವಂಗವನ್ನು ಸಾರಿಗೆ ಬಿಡಿ. ಜುಮಾನಾಳ ಸಲಾಂ. ಉಮ್ಮನ ದುಆ ಮತ್ತು ಮುತ್ತು. ಅಲ್ಲಾಹನು ನಿಮ್ಮನ್ನು ತಂಪಾಗಿಟ್ಟಿರಲಿ.

ನಿಮ್ಮ,
ರಮ್ಲತ್

ತಾ.ಕ.: ಇವತ್ತೇ ಬ್ಯಾಗು ಕಟ್ಟಬೇಕೆಂದು ನಿಝಾಮ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಆದರೆ ಇದನ್ನು ಹೇಳದೆ ಕವರ್ ಅಂಟಿಸಲಾರೆ. ಜನವರಿಯಲ್ಲಿ ಹೊಸ ಸೈಟಿನ ಕಬ್ಬಿಣದ ಕ್ಯಾಬಿನ್ನಿಗೆ ಹೋದಾಗ ನಿಮ್ಮ ಮುಸಲ್ಲಾ ಹಾಸುವ ದಿಕ್ಕು ನೋಡಿದ್ದು ಅದೇ ಫೋನಿನಲ್ಲಿ, ಅದೇ ಕವರಿನಲ್ಲಿ ಅಲ್ಲವೇ? ಭಾನುವಾರ ರೊಟ್ಟಿ ತಿಂದು ಕೈ ತೊಳೆಯುವಾಗಲೇ ಉಮ್ಮನಿಗೆ ಅದು ಹೊಳೆಯಿತು. ಜುಲೈ ಹದಿನಾರಕ್ಕೆ ಸೂರ್ಯ ಮತ್ತೆ ಕಾಬಾದ ಮೇಲೆ ಬರುತ್ತಾನೆ, ನಿಮ್ಮ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತೇಳಕ್ಕೆ. ಒಂದು ಕೋಲು ನೆಟ್ಟು ನೋಡಿ. ನೀವು ಮಕ್ಕಾಕ್ಕೆ ಹತ್ತಿರ ಇರುವುದರಿಂದ ನೆರಳು ಗಿಡ್ಡ ಇರುತ್ತದೆ, ಗಮನವಿಟ್ಟು ನೋಡಬೇಕು. ಅಲ್ಲಿಯವರೆಗೆ ಹೆದರಬೇಡಿ. ಎರಡು ದಿನದಿಂದ ಪ್ರತಿ ನಮಾಜಿನ ಕೊನೆಗೆ ಉಮ್ಮ ಕೈ ಎತ್ತಿ ಕೇಳುವುದು ಒಂದೇ: "ಯಾ ಅಲ್ಲಾಹ್, ನನ್ನ ಹಕೀಮ್ ಎತ್ತ ತಿರುಗಿ ನಿಂತಿದ್ದರೂ, ನೀನು ಅವನ ಕಡೆ ತಿರುಗು."